ಷರಾ: ‘ಸ್ಟವ್ ಸಿಡಿದು’

1986ರಲ್ಲಿ ಬೆಂಗಳೂರಿನ ಆಸ್ಪತ್ರೆಯೊಂದರ ಸುಟ್ಟಗಾಯದ ವಾರ್ಡಿಗೆ ನರ್ಸಾಗಿ ಸೇರಿದೆ. ಎಂಎಲ್‌ಸಿ (ವೈದ್ಯಕೀಯ-ಕಾನೂನು ಪ್ರಕರಣಗಳ) ರಿಜಿಸ್ಟರಿನ ಷರಾ ಕಾಲಂ ಉದ್ದಕ್ಕೂ ಒಂದೇ ಮಾತು: ‘ಸ್ಟವ್ ಸಿಡಿದು’. ಮೊದಮೊದಲು ನಾನೂ ನಂಬಿದೆ. ನಮ್ಮಮ್ಮ ಅಂಥ ಹಿತ್ತಾಳೆ ಸ್ಟವ್ ಮುಂದೆ ಕೂತೇ ನಮ್ಮನ್ನು ಸಾಕಿದವಳು. ಬರ್ನರ್ ಕಾಯಿಸಿ ಪಂಪ್ ಹೊಡೆಯಬೇಕು, ಕಟ್ಟಿಕೊಂಡರೆ ಪಿನ್ ಹಾಕಬೇಕು. ಒಮ್ಮೆ ಭಗ್ಗನೆ ಉರಿ ಎದ್ದು ಅವಳ ಮುಂಗೈ, ಹುಬ್ಬು ಸುಟ್ಟಿತ್ತು. ಸ್ಟವ್ ಸುಡುವುದು ಎದುರಿಗೆ ಕೂತವಳ ಕೈ, ಮುಖವನ್ನು. ವಾರ್ಡಿಗೆ ಬರುತ್ತಿದ್ದ ಎಷ್ಟೋ ಹುಡುಗಿಯರ ನೆತ್ತಿ ಸೀಮೆಎಣ್ಣೆ ನಾರುತ್ತಿತ್ತು, ಬೆನ್ನು ಬೆಂದಿರುತ್ತಿತ್ತು.

ಮರಣಪೂರ್ವ ಹೇಳಿಕೆ ಬರೆದುಕೊಳ್ಳುವಾಗ ತಲೆದೆಸೆಯಲ್ಲಿ ಅತ್ತೆಯೋ ಗಂಡನೋ ನಿಂತಿರುತ್ತಿದ್ದರು. “ಏನಾಯ್ತಮ್ಮ?” ಎಂದರೆ ಕಣ್ಣು ಮೊದಲು ಅತ್ತ ಹೋಗುತ್ತಿತ್ತು, ಆಮೇಲೆ “ಸ್ಟವ್ವು...” ಎನ್ನುತ್ತಿದ್ದಳು. ಮಗು ಅವರ ಕೈಯಲ್ಲೇ ಇತ್ತಲ್ಲ.

ವರದಕ್ಷಿಣೆ ನಿಷೇಧ ಕಾಯಿದೆ 1961ರಲ್ಲೇ ಬಂದಿತ್ತು. ಗಂಡನ ಮನೆಯವರ ಕ್ರೌರ್ಯಕ್ಕೆಂದೇ ಭಾರತೀಯ ದಂಡ ಸಂಹಿತೆಗೆ 498-ಎ ಕಲಂ ಬಂದದ್ದು 1983ರಲ್ಲಿ, ವರದಕ್ಷಿಣೆ ಸಾವಿಗೆ 304-ಬಿ 1986ರಲ್ಲಿ. ಮದುವೆಯಾದ ಏಳು ವರ್ಷದೊಳಗೆ ಸತ್ತರೆ ತಹಸೀಲ್ದಾರರು ಬಂದು ಶವದ ಪಂಚನಾಮೆ ಮಾಡುತ್ತಿದ್ದರು. ಹಾಗಾಗಿ ಎಲ್ಲರ ಮೊದಲ ಪ್ರಶ್ನೆ, “ಮದ್ವೆಯಾಗಿ ಎಷ್ಟು ವರ್ಷ?” ಎಂಟು ಎಂದುಬಿಟ್ಟರೆ ಬಂದವರ ಅವಸರವೆಲ್ಲ ಇಳಿದುಹೋಗುತ್ತಿತ್ತು. ಎಂಟನೆಯ ವರ್ಷದವಳಿಗೆ ಉರಿ ಕಮ್ಮಿಯೇ? ಆ ಸಿಟ್ಟು ನನ್ನಲ್ಲಿ ಇನ್ನೂ ಆರಿಲ್ಲ.

1979ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ವಿಮೋಚನಾ ಸಂಘಟನೆಯ ಹೆಣ್ಣುಮಕ್ಕಳು 90ರ ದಶಕದಲ್ಲಿ ‘ಆಕಸ್ಮಿಕ’ ಎಂದು ಮುಚ್ಚಿದ ಇಂಥ ಪ್ರಕರಣಗಳ ಬೆನ್ನು ಹತ್ತಿದರು. ನಮ್ಮ ಷರಾವನ್ನು ಹೊರಗಿನವರು ಪ್ರಶ್ನಿಸಿದ ಮೇಲೆಯೇ ನಮಗೂ ಅದನ್ನು ಬರೆಯಲು ಕೈ ಅಳುಕಿದ್ದು.

ನನ್ನ ತಪ್ಪೊಂದಿದೆ. 1991ರಲ್ಲಿ ಒಬ್ಬಳು ತೋಳಿನ ಗಾಯಕ್ಕೆ ಮೂರು ಸಲ ಡ್ರೆಸಿಂಗ್‌ಗೆ ಬಂದಳು. “ಸಾರು ಚೆಲ್ತು ಸಿಸ್ಟರ್” ಎಂದಳು. ಚೆಲ್ಲಿದ ಸಾರು ಹರಿದು ಸುಡುತ್ತದೆ. ಅವಳ ತೋಳಿನ ಮೇಲೆ ಸೌಟಿನ ದುಂಡು ಅಂಚು ಅಚ್ಚೊತ್ತಿದಂತೆ ಮೂಡಿತ್ತು. ಕಂಡೂ ಮುಲಾಮು ಹಚ್ಚಿ ಕಳಿಸಿದೆ. ನಾಲ್ಕನೆಯ ಸಲ ಅವಳನ್ನು ಸ್ಟ್ರೆಚರಿನಲ್ಲಿ ತಂದರು. ಷರಾ ಅದೇ.

ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರಿಗೆ ರಕ್ಷಣೆ ಕೊಡುವ 2005ರ ಕಾಯಿದೆ ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ಹೊಡೆತವಷ್ಟೇ ಅಲ್ಲ, ಹೀನಾಯ ಬೈಗುಳ, ಖರ್ಚಿಗೆ ಕೊಡದಿರುವುದು ಕೂಡ ಅದರ ಲೆಕ್ಕದಲ್ಲಿ ದೌರ್ಜನ್ಯ. ಸಾಯುವ ಮುಂಚೆ ದೂರು ಕೊಡಲು ಇನ್ನೊಂದು ಬಾಗಿಲು ಸಿಕ್ಕಿತು. ನಮ್ಮ ರಾಜ್ಯದಲ್ಲಿ ಆ ದೂರು ಪಡೆಯುವ ಸಂರಕ್ಷಣಾಧಿಕಾರಿಯ ಕೆಲಸ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ (ಸಿಡಿಪಿಒ) ಪಾಲಿಗೆ ಬಂತು.

ಮರುವರ್ಷ ಇನ್ನೊಬ್ಬಳು ಬಂದಳು, ಅಂಥದೇ ಬರೆ. ಗಂಡನನ್ನು ಚೀಟಿ ಮಾಡಿಸಲು ಕಳಿಸಿ, ಪರದೆ ಎಳೆದು ಪಕ್ಕದಲ್ಲಿ ಕೂತೆ. “ಯಾರಮ್ಮ ಎಳೆದಿದ್ದು ಈ ಬರೆ?” ಬಹಳ ಹೊತ್ತು ಮಾತಿಲ್ಲ. ಆಮೇಲೆ ಸೆರಗು ಸರಿಸಿ ಬೆನ್ನು ತೋರಿಸಿದಳು. ಅವಳು ಹೇಳಿದ್ದನ್ನು ಹೇಳಿದಂತೆಯೇ ಬರೆದು, ಸಿಡಿಪಿಒ ಕಚೇರಿಗೆ ಫೋನ್ ಮಾಡಲು ಎದ್ದೆ. ಅವಳು ನನ್ನ ಕೈ ಹಿಡಿದುಕೊಂಡಳು.

“ನಾಲ್ಕು ಗಂಟೆಗೆ ಮಗು ಸ್ಕೂಲಿಂದ ಬರತ್ತೆ. ಅದನ್ನೂ ಕರ್ಕೊಂಡು ಬರೋಕೆ ಹೇಳ್ತೀರಾ, ಸಿಸ್ಟರ್?”