ಸೊಳ್ಳೆಗೊಂದಾಣೆ

1897ರ ಆಗಸ್ಟ್ ತಿಂಗಳು. ಸಿಕಂದರಾಬಾದಿನಲ್ಲಿ ಹುಸೇನ್ ಖಾನ್ ಎಂಬ ಜ್ವರದ ರೋಗಿ ಸೊಳ್ಳೆಪರದೆಯೊಳಗೆ ಮಲಗಿದ್ದ. ಸೊಳ್ಳೆಪರದೆ ಇರುವುದು ಸೊಳ್ಳೆ ಒಳಗೆ ಬಾರದಿರಲೆಂದು. ಇಲ್ಲಿ ಮಾತ್ರ ಸೊಳ್ಳೆಗಳನ್ನು ಒಳಗೇ ಬಿಡಲಾಗಿತ್ತು. ಕಚ್ಚಿದ ಸೊಳ್ಳೆಯೊಂದಕ್ಕೆ ಒಂದಾಣೆ ಅವನಿಗೆ ಕೂಲಿ. ಆ ಸೊಳ್ಳೆಗಳಲ್ಲೊಂದನ್ನು ಆಗಸ್ಟ್ 20ರಂದು ಸೀಳಿ ನೋಡಿದ ವೈದ್ಯ ರೊನಾಲ್ಡ್ ರಾಸ್ ಅದರ ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾದ ರೋಗಾಣುವನ್ನು ಕಂಡರು. ಮರುವರ್ಷ ಕಲ್ಕತ್ತೆಯಲ್ಲಿ ಅವರ ಸಂಶೋಧನೆಗೆ ಹೆಗಲು ಕೊಟ್ಟವನು ಮಹಮದ್ ಬಕ್ಷ್ ಎಂಬ ಸಹಾಯಕ. 1902ರಲ್ಲಿ ರಾಸ್‌ಗೆ ನೊಬೆಲ್ ಪ್ರಶಸ್ತಿ ಬಂತು. ಹುಸೇನ್ ಖಾನನಿಗೆ ಸಿಕ್ಕಿದ್ದು ಆ ಆಣೆಗಳು ಮಾತ್ರ.

ನಮ್ಮ ಹಿರಿಯರಿಗೆ ಇದು ಚಳಿಜ್ವರ. ಉರ್ದುವಿನಲ್ಲಿ 'ಬಾರಿ ಕಾ ಬುಖಾರ್', ಅಂದರೆ ಸರದಿಯಂತೆ ಬರುವ ಜ್ವರ. ಸರದಿ ಜ್ವರಗಳನ್ನು ಇಬ್ನ್ ಸೀನಾ ಸಾವಿರ ವರ್ಷಗಳ ಹಿಂದೆಯೇ ವಿಂಗಡಿಸಿದ್ದರು. ಆದರೆ ಅದನ್ನು ಹೊತ್ತು ತರುವವರು ಯಾರೆಂಬುದು ಯಾರಿಗೂ ತಿಳಿದಿರಲಿಲ್ಲ.

ಈ ಕಥೆಗೂ ನಮ್ಮ ನಾಡಿಗೂ ನಂಟಿದೆ. ಸೊಳ್ಳೆಗೆ ನೀರು ಸಿಗದಂತೆ ಮಾಡಿದರೆ ಅದರ ಕಾಟ ಇಳಿಯುತ್ತದೆಂದು ರಾಸ್ ಮೊದಲು ಗಮನಿಸಿದ್ದು 1883ರಲ್ಲಿ, ಬೆಂಗಳೂರಿನ ದಂಡು ಪ್ರದೇಶದಲ್ಲಿದ್ದಾಗ. 1928ರಲ್ಲಿ ಡಾ. ಬಿ.ಎ. ರಾವ್ ಇಟಲಿಯಿಂದ ಗಾಂಬೂಸಿಯಾ ಮೀನು ತಂದು ಬೆಂಗಳೂರಿನ ಲಾಲ್‌ಬಾಗ್ ಕೆರೆಗೆ ಬಿಟ್ಟರು. ಸೊಳ್ಳೆಮರಿಯನ್ನು ತಿನ್ನುವ ಮೀನದು. 1937ರಲ್ಲಿ ಅವರೂ ಸ್ವೀಟ್ ಎಂಬ ವಿಜ್ಞಾನಿಯೂ ಗುರುತಿಸಿದ ಸೊಳ್ಳೆಯ ಬಗೆಯೊಂದಕ್ಕೆ ಮೈಸೂರಿನ ಹೆಸರೇ ಅಂಟಿಕೊಂಡಿತು.

ಸ್ವಾತಂತ್ರ್ಯದ ನಂತರ ಡಿಡಿಟಿಯ ಕಾಲ ಬಂತು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ವರ್ಷಕ್ಕೆ 7.5 ಕೋಟಿಯೆಂದು ಅಂದಾಜಿಸಿದ್ದ ಪ್ರಕರಣಗಳು 1960ರ ದಶಕದ ಆರಂಭಕ್ಕೆ ಒಂದು ಲಕ್ಷದೊಳಗೆ ಇಳಿದವು. ರೋಗ ಹೋಯಿತೆಂದು ನಾವು ಮೈಮರೆತೆವು. 1976ರಲ್ಲಿ ಅದು 64 ಲಕ್ಷ ಪ್ರಕರಣಗಳಾಗಿ ಮರಳಿತು.

ಕೋಲಾರದ ಸೀಮೆಯಲ್ಲಿ ಇನ್ನೊಂದು ತೊಡಕಿತ್ತು. ಹೋಳೂರಿನಿಂದ ಶ್ರೀನಿವಾಸಪುರದ ಕಡೆಗೆ ಹೋದರೆ ಹಿಪ್ಪುನೇರಳೆ ತೋಟಗಳು, ಹುಳು ಸಾಕುವ ಮನೆಗಳು. ಬೆಳೆಯುವವರು ರೈತರು, ನೂಲು ಬಿಚ್ಚುವವರಲ್ಲಿ ಬಹಳ ಮಂದಿ ಮುಸ್ಲಿಮರು. ಸೊಳ್ಳೆ ಕೊಲ್ಲುವ ಮದ್ದು ರೇಷ್ಮೆಹುಳುವನ್ನೂ ಕೊಲ್ಲುತ್ತದೆ. ಮದ್ದು ಹೊಡೆಯುವವರಿಗೆ ಬಾಗಿಲು ಮುಚ್ಚಿದ ಮನೆಯವರನ್ನು ಮೂಢರೆನ್ನುವುದು ಸುಲಭ. ಆದರೆ ಅವರ ಇಡೀ ವರ್ಷದ ಅನ್ನ ಆ ತಟ್ಟೆಗಳಲ್ಲಿತ್ತು. ಮುಂದೆ ಸಂಶೋಧಕರು ಜಿಲ್ಲೆಯ ಹಳ್ಳಿಗಳ ಬಾವಿಗಳಿಗೆ ಗಪ್ಪಿ ಮೀನು ಬಿಟ್ಟರು. ಹುಳು ಉಳಿಯಿತು, ಜ್ವರ ಇಳಿಯಿತು. ಜನರ ಬದುಕನ್ನು ಅರಿತು ಬಂದ ಮದ್ದಿಗೆ ಯಾರೂ ಬಾಗಿಲು ಹಾಕಲಿಲ್ಲ.

ಈಗ ಲಸಿಕೆಯೂ ಬಂದಿದೆ. 2019ರಲ್ಲಿ ಘಾನಾ, ಕೀನ್ಯಾ, ಮಲಾವಿಗಳಲ್ಲಿ ಮೊದಲ ಲಸಿಕೆಯನ್ನು ಪ್ರಾಯೋಗಿಕವಾಗಿ ಕೊಡಲಾರಂಭಿಸಿದರು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಶಿಫಾರಸು ಮಾಡಿತು. 2023ರಲ್ಲಿ ಶಿಫಾರಸು ಪಡೆದ ಎರಡನೆಯ ಲಸಿಕೆ ಆಕ್ಸ್‌ಫರ್ಡಿನದು. ತಯಾರಾಗುವುದು ನಮ್ಮ ಪುಣೆಯಲ್ಲಿ. ಐದು ತಿಂಗಳ ವಯಸ್ಸಿನ ಸುಮಾರಿಗೆ ಆರಂಭಿಸಿ ನಾಲ್ಕು ಸಲ ಚುಚ್ಚಿಸಬೇಕು. 2023ರಲ್ಲಿ ಜಗತ್ತಿನಲ್ಲಿ ಮಲೇರಿಯಾದಿಂದ ಸತ್ತವರು ಸುಮಾರು 5,97,000. ಹೆಚ್ಚಿನವರು ಆಫ್ರಿಕದ ಎಳೆಯ ಮಕ್ಕಳು. ಲಸಿಕೆ ತಡೆಯುವುದು ಫಾಲ್ಸಿಪಾರಂ ಎಂಬ ಮಾರಕ ಬಗೆಯನ್ನು ಮಾತ್ರ, ಅದೂ ಪೂರ್ತಿಯಾಗಿ ಅಲ್ಲ. ಹಾಗಾಗಿ ಸೊಳ್ಳೆಪರದೆಯನ್ನು ಮಡಚಿಡುವಂತಿಲ್ಲ.

ಈ ಎರಡನೆಯ ಲಸಿಕೆಯ ಪರಿಣಾಮವನ್ನು 2021ರಲ್ಲಿ ಜಗತ್ತಿಗೆ ತೋರಿಸಿಕೊಟ್ಟವರು ಮುಸ್ಲಿಮರೇ ಬಹುಸಂಖ್ಯೆಯಲ್ಲಿರುವ ಬುರ್ಕಿನಾ ಫಾಸೋ ದೇಶದ ನಾನೊರೊ ಎಂಬಲ್ಲಿನ 450 ಮಕ್ಕಳು. ಮಡಿಲ ಮಕ್ಕಳನ್ನು ಸೂಜಿಯ ಮುಂದೆ ಹಿಡಿದವರು ಅವರ ತಾಯಂದಿರು. ಒಂದು ಕಾಲಕ್ಕೆ ನಮ್ಮ ಮೊಹಲ್ಲಾಗಳಲ್ಲಿ ಪೋಲಿಯೊ ಹನಿಯ ಬಗ್ಗೆ ಇಲ್ಲದ ವದಂತಿ ಹಬ್ಬಿತ್ತು. ಹಾಗೆ ಹೆದರಿದ್ದ ನಾವು ಆ ತಾಯಂದಿರನ್ನು ನೆನೆಯಬೇಕು. ಅವರ ಹೆಸರುಗಳು ಯಾವ ಪ್ರಶಸ್ತಿಪತ್ರದಲ್ಲೂ ಬರುವುದಿಲ್ಲ. ಹುಸೇನ್ ಖಾನನ ಹೆಸರಾದರೂ ಹೇಗೋ ಉಳಿದುಕೊಂಡಿತು.