ಕೇಸರಿ: ಗುಣಗಾನವೂ ಪರೀಕ್ಷೆಯೂ



ಹಾಲಿಗೆ ಹಾಕಿದ ಎರಡೆಳೆ ಕೇಸರಿ ನಿಧಾನವಾಗಿ ಬಣ್ಣ ಬಿಡುವುದನ್ನು ನೀವು ನೋಡಿರಬಹುದು. ಅರಬಿಯಲ್ಲಿ ಇದರ ಹೆಸರು ಝಾಫರಾನ್. ಇಂಗ್ಲಿಷಿನ ಸ್ಯಾಫ್ರನ್ ಎಂಬ ಪದದ ಮೂಲವೂ ಅದೇ. ಒಂದು ಹೂವಿನಲ್ಲಿ ದೊರೆಯುವುದು ಮೂರೇ ಎಳೆ. ಒಂದು ಗ್ರಾಂ ಕೇಸರಿಗೆ ಸುಮಾರು 150 ಹೂಗಳು ಬೇಕು. ಇಂಥ ದುಬಾರಿ ವಸ್ತುವಿನ ಸುತ್ತ ಅನೇಕ ನಂಬಿಕೆಗಳು ಬೆಳೆದಿವೆ. ಅವುಗಳಲ್ಲಿ ಸತ್ಯವೆಷ್ಟು ಎಂದು ನಮ್ಮ ಹಿರಿಯರು ಹೇಗೆ ವಿಚಾರಿಸಿದರು ಎಂಬುದು ತಿಳಿಯಬೇಕಾದ ಇತಿಹಾಸ.

ಪ್ರಸಿದ್ಧ ವೈದ್ಯ ಇಬ್ನ್ ಸೀನಾ (980-1037) ತಮ್ಮ ‘ಅಲ್ ಖಾನೂನ್ ಫಿತ್ತಿಬ್ಬ್’ ಗ್ರಂಥದ ಎರಡನೆಯ ಭಾಗದಲ್ಲಿ ಔಷಧ ದ್ರವ್ಯಗಳನ್ನು ವಿವರಿಸಿದ್ದಾರೆ. ಕೇಸರಿ ಮನಸ್ಸಿಗೆ ಉಲ್ಲಾಸ ತರುತ್ತದೆ, ಹೃದಯಕ್ಕೆ ಬಲ ಕೊಡುತ್ತದೆ ಎಂಬುದು ಅವರ ಅಭಿಪ್ರಾಯ. ಆದರೆ ಅದೇ ಭಾಗದಲ್ಲಿ ಔಷಧವನ್ನು ಪರೀಕ್ಷಿಸುವ ನಿಯಮಗಳನ್ನೂ ಅವರು ಬರೆದಿದ್ದಾರೆ ಎಂಬುದನ್ನು ಗಮನಿಸಿ. ಪರಿಣಾಮವು ಒಮ್ಮೆ ಕಂಡರೆ ಸಾಲದು, ಮತ್ತೆ ಮತ್ತೆ ಕಾಣಬೇಕು. ಕುದುರೆಯ ಮೇಲೆ ನಡೆಸಿದ ಪರೀಕ್ಷೆ ಮನುಷ್ಯನಿಗೆ ಅನ್ವಯಿಸದೆ ಇರಬಹುದು.

ಕೇಸರಿಯನ್ನು ಹೆಚ್ಚು ತಿಂದರೆ ನಗು ಬರುತ್ತದೆ, ಇನ್ನೂ ಹೆಚ್ಚಾದರೆ ಸಾವಿನ ಭಯವಿದೆ ಎಂದು ಒಂದು ಪರ್ಷಿಯನ್ ವೈದ್ಯಗ್ರಂಥದಲ್ಲಿ ಬರೆದಿತ್ತು. ಕಾಶ್ಮೀರದ ಪಾಂಪೋರಿನ ಕೇಸರಿ ಹೊಲಗಳನ್ನು ಕಂಡಿದ್ದ ಮೊಗಲ್ ಬಾದಶಹ ಜಹಾಂಗೀರ್ ಇದನ್ನು ಪರೀಕ್ಷಿಸಲು ಮುಂದಾದ. ಮರಣದಂಡನೆಗೆ ಗುರಿಯಾಗಿದ್ದ ಒಬ್ಬ ಕೈದಿಯನ್ನು ಕರೆಸಿ ಕಾಲು ಸೇರು ಕೇಸರಿ ತಿನ್ನಿಸಿದ. ಮರುದಿನ ಅದರ ಎರಡರಷ್ಟು ಕೊಟ್ಟ. ಆತ ಸಾಯುವುದಿರಲಿ, ಮುಗುಳ್ನಗೆಯನ್ನೂ ಬೀರಲಿಲ್ಲ ಎಂದು ಜಹಾಂಗೀರ್ ತನ್ನ ಆತ್ಮಕಥೆಯಲ್ಲಿ ದಾಖಲಿಸಿದ್ದಾನೆ.

ಪುಸ್ತಕದ ಮಾತನ್ನು ಪ್ರಶ್ನಿಸಿದ ಈ ಕುತೂಹಲ ಮೆಚ್ಚತಕ್ಕದ್ದೇ. ಆದರೆ ಇಬ್ನ್ ಸೀನಾರ ನಿಯಮದಂತೆ ಒಬ್ಬನ ಮೇಲಿನ ಪರೀಕ್ಷೆ ಪುರಾವೆಯಾಗುವುದಿಲ್ಲ. ಅಸಹಾಯಕನಾದ ಕೈದಿಯ ಒಪ್ಪಿಗೆ ಕೇಳದೆ ಅವನ ದೇಹವನ್ನು ಬಳಸಿದ್ದು ನ್ಯಾಯವೂ ಅಲ್ಲ. ದಿನಕ್ಕೆ 5 ಗ್ರಾಂ ಮೀರಿದರೆ ಕೇಸರಿ ವಿಷವಾಗಬಹುದೆಂದು ಇಂದಿನ ವೈದ್ಯರು ಎಚ್ಚರಿಸುತ್ತಾರೆ.

2004-05ರಲ್ಲಿ ಇರಾನಿನ ಸಂಶೋಧಕರು ಖಿನ್ನತೆಯ ರೋಗಿಗಳಿಗೆ ದಿನಕ್ಕೆ 30 ಮಿಲಿಗ್ರಾಂ ಕೇಸರಿ ಸಾರವನ್ನು ಆರು ವಾರ ಕೊಟ್ಟು, ರೂಢಿಯ ಔಷಧಗಳೊಂದಿಗೆ ಹೋಲಿಸಿದರು. ಸೌಮ್ಯ ಮತ್ತು ಮಧ್ಯಮ ಖಿನ್ನತೆಯಲ್ಲಿ ಫಲ ಬಹುತೇಕ ಸಮಾನವಾಗಿತ್ತು. ‘ಉಲ್ಲಾಸ’ ಎಂಬ ಹಳೆಯ ಮಾತಿಗೆ ಇದು ಬಲ ಕೊಡುತ್ತದೆ. ಆದರೂ ರೋಗಿಗಳ ಸಂಖ್ಯೆ 30, 40 ಮಾತ್ರ. ಆದ್ದರಿಂದ ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಬಿಟ್ಟು ಕೇಸರಿಯನ್ನು ನಂಬಿ ಕೂರುವುದು ಅಪಾಯ.

ಇನ್ನು ಗರ್ಭಿಣಿ ಕೇಸರಿ ಹಾಲು ಕುಡಿದರೆ ಮಗು ಬೆಳ್ಳಗೆ ಹುಟ್ಟುತ್ತದೆ ಎಂಬ ಮಾತು ನಮ್ಮ ಮನೆಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಇದಕ್ಕೆ ಆಧಾರವಿಲ್ಲ. ಮೈಬಣ್ಣ ತಂದೆತಾಯಿಯರಿಂದ ಬರುತ್ತದೆ. ಗರ್ಭಿಣಿಯರಿಗೆ ಅತಿಯಾದ ಕೇಸರಿ ಹಾನಿಕರವೂ ಹೌದು.

ವಿದ್ಯಾರ್ಥಿ ಮಿತ್ರರೇ, ಇಬ್ನ್ ಸೀನಾರ ಹೆಸರನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಅವರ ನಿಯಮವನ್ನೂ ಪಾಲಿಸಿದಾಗಲೇ ಆ ಹೆಮ್ಮೆಗೆ ಅರ್ಥ. ಯಾರೇ ಯಾವ ಗುಣವನ್ನು ಹೊಗಳಿದರೂ ಒಂದು ಪ್ರಶ್ನೆ ಕೇಳಿ: ಇದನ್ನು ಎಷ್ಟು ಜನರ ಮೇಲೆ, ಎಷ್ಟು ಸಲ, ಹೇಗೆ ಪರೀಕ್ಷಿಸಿದ್ದಾರೆ?