ಅಡುಗೆಮನೆಯಿಂದ ಪ್ರಯೋಗಾಲಯಕ್ಕೆ: ಕಡಲಪಾಚಿಯ ಔಷಧ ಚರಿತ್ರೆ



ಮಲೇಷ್ಯಾದಲ್ಲಿ ನೆಲೆಸಿರುವ ನಿಮಗೆ ಅಗರ್-ಅಗರ್ ಅಪರಿಚಿತವಲ್ಲ. ನಮ್ಮ ಊರಿನ ಅಂಗಡಿಗಳಲ್ಲಿ ಚೈನಾ ಗ್ರಾಸ್ ಎಂದು ಮಾರುವುದೂ ಅದನ್ನೇ. ಕೆಂಪು ಕಡಲಪಾಚಿಯಿಂದ ತೆಗೆಯುವ ಈ ಪದಾರ್ಥದ ಮಲಯ ಹೆಸರು ಇಂದು ಜಗತ್ತಿನ ವೈದ್ಯಕೀಯ ಪ್ರಯೋಗಾಲಯಗಳಲ್ಲೆಲ್ಲ ಬಳಕೆಯಲ್ಲಿದೆ. ಅದು ಅಲ್ಲಿಗೆ ತಲುಪಿದ ಬಗೆಯಿಂದಲೇ ನನ್ನ ಮಾತನ್ನು ಆರಂಭಿಸುತ್ತೇನೆ.

1881ರಲ್ಲಿ ಜರ್ಮನಿಯ ರಾಬರ್ಟ್ ಕಾಕ್ ಅವರ ಬಳಿ ಕೆಲಸ ಮಾಡುತ್ತಿದ್ದ ವೈದ್ಯ ವಾಲ್ಟರ್ ಹೆಸ್ಸೆ ಅವರಿಗೆ ಒಂದು ತೊಡಕು ಎದುರಾಯಿತು. ಸೂಕ್ಷ್ಮಜೀವಿಗಳನ್ನು ಬೆಳೆಸುವ ಜೆಲಟಿನ್ ಬೇಸಗೆಯ ಶಾಖಕ್ಕೆ ಕರಗಿಹೋಗುತ್ತಿತ್ತು. ಪತ್ನಿ ಫ್ಯಾನಿ ಹೆಸ್ಸೆ ತಾವು ಅಡುಗೆಯಲ್ಲಿ ಬಳಸುತ್ತಿದ್ದ ಅಗರನ್ನು ಸೂಚಿಸಿದರು. ಅದನ್ನು ಅವರು ಅರಿತದ್ದು ಜಾವಾದಲ್ಲಿ ವಾಸವಾಗಿದ್ದ ನೆರೆಯವರಿಂದ. 1882ರ ಕ್ಷಯರೋಗದ ಪ್ರಬಂಧದಲ್ಲಿ ಕಾಕ್ ಅಗರನ್ನು ಹೆಸರಿಸಿದರು. ಆ ಗೃಹಿಣಿಯನ್ನು ಹೆಸರಿಸಲಿಲ್ಲ.

ಪಾಚಿಯ ಗುಣವನ್ನು ಅನುಭವದಿಂದ ಬಲ್ಲುದು ಮೊದಲ ಹೆಜ್ಜೆ. ಆ ಗುಣ ಯಾವ ಸಂಯುಕ್ತದ್ದೆಂದು ಗುರುತಿಸುವುದು ಎರಡನೆಯದು. ಜಪಾನಿನ ಜನರು ಡಿಜೀನಿಯಾ ಎಂಬ ಕೆಂಪು ಪಾಚಿಯ ಕಷಾಯವನ್ನು ಜಂತುಹುಳುವಿಗೆ ಔಷಧವಾಗಿ ಬಹುಕಾಲದಿಂದ ಕುಡಿಯುತ್ತಿದ್ದರು. 1953ರಲ್ಲಿ ಅಲ್ಲಿನ ವಿಜ್ಞಾನಿಗಳು ಅದರೊಳಗಿನ ಕೈನಿಕ್ ಆಮ್ಲವನ್ನು ಬೇರ್ಪಡಿಸಿದರು. ಸಂಯುಕ್ತ ತಿಳಿದುದರಿಂದ ಪ್ರಮಾಣವನ್ನು ಅಳೆದು ಕೊಡುವುದು ಸಾಧ್ಯವಾಯಿತು. ಅದೇ ವಸ್ತು ನರಕೋಶಗಳನ್ನು ತೀವ್ರವಾಗಿ ಕೆರಳಿಸುತ್ತದೆಂಬುದು ಅನಂತರ ತಿಳಿದುಬಂದು, ಅದು ಮೂರ್ಛೆರೋಗದ ಸಂಶೋಧನೆಗೂ ಸಾಧನವಾಯಿತು.

ಮಲೇಷ್ಯಾದಲ್ಲಿ ಈ ಕಾರ್ಯಕ್ಕೆ ತಳಹದಿಯಾದುದು ಪಾಚಿಗಳ ವರ್ಗೀಕರಣ. ಮಲಯಾ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕಿಯಾಗಿದ್ದ ಫಾಂಗ್ ಸಿಯೂ ಮೊಯಿ ಅವರು ಇದಕ್ಕಾಗಿ ದಶಕಗಳ ಕಾಲ ಶ್ರಮಿಸಿದ್ದಾರೆ. ಪ್ರಭೇದದ ಹೆಸರು ತಪ್ಪಿದರೆ ಅದೇ ಸಂಯುಕ್ತವನ್ನು ಇನ್ನೊಬ್ಬರು ಮತ್ತೆ ಹುಡುಕಲಾರರು. ಒಣಗಿಸಿದ ಪಾಚಿಯನ್ನು ದ್ರಾವಕದಲ್ಲಿ ನೆನೆಸಿ, ಸಾರವನ್ನು ಭಾಗಭಾಗವಾಗಿ ಬೇರ್ಪಡಿಸಿ, ಒಂದೊಂದನ್ನೂ ರೋಗಾಣುಗಳ ಮೇಲೆ ಪರೀಕ್ಷಿಸಿ, ಕೊನೆಗೆ ಅಣುವಿನ ರಚನೆಯನ್ನು ನಿರ್ಣಯಿಸಬೇಕು. ಚಾರ್ಲ್ಸ್ ವೈರಪ್ಪನ್ ಮತ್ತು ಜಪಾನಿನ ಸಹೋದ್ಯೋಗಿಗಳು 2001ರಲ್ಲಿ ಮಲೇಷ್ಯಾದ ಲಾರೆನ್ಸಿಯಾ ಪಾಚಿಗಳಿಂದ ಪಡೆದ ಹೊಸ ಸಂಯುಕ್ತಗಳನ್ನು ಪ್ರಕಟಿಸಿದರು. ಅವುಗಳಲ್ಲೊಂದು ಟಿಯೊಮಾನೀನ್, ಟಿಯೊಮಾನ್ ದ್ವೀಪವನ್ನು ನೆನಪಿಸುವ ಹೆಸರು. ಈ ಪಾಚಿಗಳ ಕೆಲವು ಸಂಯುಕ್ತಗಳು ಕಡಲಿನ ಕೆಲವು ಬ್ಯಾಕ್ಟೀರಿಯಾಗಳನ್ನು ತಡೆದವು.

ಆದರೆ ಗಾಜಿನ ತಟ್ಟೆಯಲ್ಲಿನ ಗೆಲುವು ರೋಗಿಗೆ ಔಷಧವಾಗುವ ದಾರಿ ದೀರ್ಘವಾದುದು. ಸಬಾ ರಾಜ್ಯದ ಸೆಂಪೋರ್ನಾದಲ್ಲಿ ಹಗ್ಗಗಳಿಗೆ ಕಟ್ಟಿ ಬೆಳೆಸುವ ಕಪ್ಪಾಫೈಕಸ್ ಪಾಚಿ ಕ್ಯಾರಜೀನನ್ ಎಂಬ ಅಂಟುಪದಾರ್ಥವನ್ನು ಕೊಡುತ್ತದೆ. ಪಾಚಿಗಳಿಂದ ದೊರೆಯುವ ಕ್ಯಾರಜೀನನ್ ಪ್ರಯೋಗಾಲಯದಲ್ಲಿ ಎಚ್‌ಐವಿಯನ್ನು ತಡೆದಿತ್ತು. ದಕ್ಷಿಣ ಆಫ್ರಿಕದಲ್ಲಿ ಆರು ಸಾವಿರಕ್ಕೂ ಹೆಚ್ಚು ಮಹಿಳೆಯರ ಮೇಲೆ ಅದರ ಲೇಪವನ್ನು ಪರೀಕ್ಷಿಸಿದಾಗ, 2008ರಲ್ಲಿ ಬಂದ ಫಲಿತಾಂಶ ನಿರಾಶಾದಾಯಕವಾಗಿತ್ತು: ಅಪಾಯವಿಲ್ಲ, ಆದರೆ ಸೋಂಕನ್ನು ತಡೆಯಲೂ ಇಲ್ಲ.

ಇಂಥ ನೂರು ಸೋಲುಗಳ ನಡುವೆ ಒಂದು ಗೆಲುವು ಬರಬೇಕಾದರೆ ಪಾಚಿಗಳು ಉಳಿದಿರಬೇಕು. ಸಬಾದ ಹವಳದಿಬ್ಬಗಳು ಸಿಡಿಮದ್ದಿನ ಮೀನುಗಾರಿಕೆಯಿಂದ ನಲುಗಿವೆ. ಹೆಸರಿಡುವ ಮೊದಲೇ ಅಳಿದುಹೋದ ಪ್ರಭೇದದಲ್ಲಿ ಏನಿತ್ತೆಂದು ಯಾರೂ ಹೇಳಲಾರರು. ಪಾಚಿಯನ್ನು ಬಲ್ಲ ಬೆಸ್ತರಿಗೂ ಕೃಷಿಕರಿಗೂ ಮುಂದಿನ ಪ್ರಬಂಧಗಳಲ್ಲಿ ಫ್ಯಾನಿ ಹೆಸ್ಸೆಗೆ ದೊರೆಯದ ಸ್ಥಾನ ದೊರೆಯಲಿ. ಇಂದು ಮನೆಗೆ ಹೋಗಿ ಅಗರ್-ಅಗರ್ ಸವಿಯುವಾಗ ಆ ತಾಯಿಯನ್ನು ಒಮ್ಮೆ ನೆನೆಯಿರೆಂದು ಕೋರಿ ವಿರಮಿಸುತ್ತೇನೆ.